ಕಾವಲಿ

ದಪ್ಪ, ಮುಕ್ಕಾಲು ಬೆರಳು.
ತೂಕ, ಇಬ್ಬರು ಎತ್ತುವಾಗ ಮೂರನೆಯವನು ಬೈಯುತ್ತಿರಬೇಕು.
ಇಡೀ ಹಲಸೂರಿನಲ್ಲಿ ಇಂಥ ಕಾವಲಿ ಇನ್ನೊಂದಿಲ್ಲ.
ಬೆಳಿಗ್ಗೆ ಐದಕ್ಕೆ ಉರಿ ಹಚ್ಚಿದರೆ
ಐದೂಮುಕ್ಕಾಲಿಗೆ ಮನಸ್ಸು ಮಾಡುತ್ತದೆ.
ರಾತ್ರಿ ಆರಿಸಿದ ಮೇಲೂ ಹನ್ನೊಂದರವರೆಗೆ
ಬೆಕ್ಕಿಗೆ ಅದರ ಕೆಳಗೇ ನಿದ್ದೆ.

ಇದು ಮೊದಲು ಗಾಡಿಯಾಗಿತ್ತು.

ಮುಂದೆ ಎರಡು ಟೈರು, ಹಿಂದೆ ಟ್ಯಾಂಕಿನ ಹಾಗೆ ಪಟ್ಟಿ,
ಬೆನ್ನ ಮೇಲೆ ತಿರುಗುವ ತೊಟ್ಟಿಲು,
ತೊಟ್ಟಿಲಲ್ಲಿ ಮೀಸೆ ಮೂಡದ ಒಬ್ಬ ಹುಡುಗ,
ಅವನ ಒಂದೊಂದು ಕಿವಿಯ ಪಕ್ಕ ಎರಡೆರಡು ನಳಿಗೆ,
ನಾಲ್ಕೂ ಆಕಾಶಕ್ಕೆ.
ಗುಜರಿ ಮುನಿವೆಂಕಟಪ್ಪ ಅದಕ್ಕಿಟ್ಟ ಹೆಸರು
ಅರ್ಧಲಾರೀಶ್ವರ.

ಯುದ್ಧದ ವರ್ಷಗಳಲ್ಲಿ, ವಿಮಾನ ಕಾರ್ಖಾನೆಯ ದಾರಿಯಲ್ಲಿ,
ಒಂದು ಹುಣಿಸೆಮರದಡಿ ಅದರ ಕಾವಲು.
ಬೀದಿದೀಪಕ್ಕೆ ಕಪ್ಪು ಕಾಗದ, ಕಿಟಕಿಗೆ ಕಂಬಳಿ,
ಸೀಮೆಎಣ್ಣೆಗೆ ತಿರುವಿನ ತನಕ ಸಾಲು.
ವೈರಿ ಬರಲಿಲ್ಲ.
ಬಂದವೆಲ್ಲ ನಮ್ಮವೇ, ರೆಕ್ಕೆ ಮುರಿದುಕೊಂಡು, ರಿಪೇರಿಗೆ.
ಬೇಜಾರಿಗೆ ಆ ಹುಡುಗ
ಹದ್ದುಗಳ ಹಿಂದೆ ತೊಟ್ಟಿಲು ತಿರುಗಿಸುತ್ತಿದ್ದನಂತೆ,
ಬಿಸಿಲು ಏರುವ ತನಕ, ಇಳಿಯುವ ತನಕ.
ಹಾಲಿನ ಹೆಂಗಸರು ಚೆಂಬು ಇಳಿಸಿ
ಗರುಡನಿಗೆಂದು ಕೆನ್ನೆ ಮುಟ್ಟಿಕೊಂಡು ಮೇಲೆ ನೋಡಿದರೆ
ಗರುಡ ಹೋದಲ್ಲೆಲ್ಲ ನಾಲ್ಕು ನಳಿಗೆ.
ಹೊಡೆಯಲಿಲ್ಲ. ಒಂದೂ.

ಆಮೇಲೆ ಹರಾಜು.
ಕೂಗಿ ಕೊಂಡವರು ದಸ್ತಗೀರ್ ಸಾಬರು.
ನಳಿಗೆಗಳನ್ನು ಮೊದಲೇ ಬಿಚ್ಚಿ ಸರ್ಕಾರ ಒಳಗಿಟ್ಟುಕೊಂಡಿತ್ತು.
ಪಟ್ಟಿಯ ರಬ್ಬರು ಚಪ್ಪಲಿಯಾಯಿತು;
ಅದು ಸವೆಯಲಿಲ್ಲ, ಕಾಲುಗಳೇ ಸವೆದವು ಅನ್ನುತ್ತಾರೆ.
ತೊಟ್ಟಿಲು ಯಾವುದೋ ಕ್ಷೌರದಂಗಡಿ ಸೇರಿತಂತೆ,
ನಾನು ನೋಡಿಲ್ಲ.
ಪಕ್ಕೆಯ ಉಕ್ಕು ಕೊಯ್ದವನು ನನ್ನ ತಾತ, ಚೌರಪ್ಪ.
ಹದಿನಾಲ್ಕು ದಿನದ ಕೂಲಿ ಬಿಟ್ಟು
ಒಂದು ತುಂಡು ಕೇಳಿ ತಂದ.

ಕೊಂಬು ಕಿತ್ತು ಗುಡಿಸು ಕೊಟ್ಟರೆ
ಕಾವಲು ಕಾವಲಿ:
ಒಂದನೇ ಕ್ಲಾಸಿನ ಪಾಠ.

ಬಲಗಡೆಯ ಮೂಲೆಯಲ್ಲಿ ಒಂದು ಗುಳಿ,
ಹಳೇ ಎಂಟಾಣೆಯಷ್ಟು.
ಹಿಟ್ಟು ಅಲ್ಲಿ ನಿಲ್ಲುತ್ತದೆ, ದೋಸೆ ಅಲ್ಲಿ ಹಿಡಿಯುತ್ತದೆ.
"ಜಪಾನಿನವರ ಗುಂಡು ಸಾರ್, ಬರ್ಮಾದಲ್ಲಿ ಬಿದ್ದಿದ್ದು"
ಎನ್ನುತ್ತಿದ್ದ ಅಪ್ಪ, ಹೊಸ ಗಿರಾಕಿ ಸಿಕ್ಕರೆ.
ಹಾಗೆಂದ ದಿನ ಎರಡು ಕಾಫಿ ಹೆಚ್ಚು ಹೋಗುತ್ತಿತ್ತು.
ನಾನೂ ಹೇಳಿದ್ದೇನೆ. ಸುಳ್ಳೇಕೆ.

ಅಜ್ಜಿ ಒಮ್ಮೆ, ಕಾಯಿ ತುರಿಯುತ್ತ, ತುರಿಯುವುದನ್ನು ನಿಲ್ಲಿಸದೆ:
"ಗುಂಡೂ ಇಲ್ಲ ಗಿಂಡೂ ಇಲ್ಲ.
ಇನ್ನಾಸಪ್ಪನ ಕಾಗದ ಬಂತು ಕಣೇ.
ಸೇತುವೆ ಕಟ್ಟೋಕೆ ಅಂತ ಬರ್ಮಾಕ್ಕೆ ಹೋಗಿದ್ದನಲ್ಲ, ನಿಮ್ಮ ತಾತನ ತಮ್ಮ.
ಯುದ್ಧ ಮುಗಿದು ವರ್ಷ ಆಗಿತ್ತು,
ನಾವಿಲ್ಲಿ ಅವನಿಗೆ ಹೆಣ್ಣು ನೋಡ್ತಾ ಇದ್ವಿ.
ಇವರು ಗುಜರಿಯಲ್ಲೇ ಯಾರ ಹತ್ರಾನೋ ಓದಿಸಿಕೊಂಡರು.
ಉಕ್ಕು ಇನ್ನೂ ಕೆಂಪಗಿತ್ತಂತೆ.
ಸುತ್ತಿಗೆ ಎತ್ತಿ ಒಂದು ಏಟು.
ಒಂದೇ.
ಕೊಯ್ಯೋದು ಇನ್ನೂ ಒಂದು ಮೊಳ ಬಾಕಿ ಇತ್ತು.
ಕೂತು ಕೊಯ್ದರು."

ಫೆಬ್ರವರಿಯಲ್ಲಿ ಯಲಹಂಕದ ಕಡೆಯಿಂದ ಜೆಟ್ಟುಗಳು ಬರುತ್ತವೆ,
ಆಟ ತೋರಿಸಲು.
ಸ್ಟೀಲಿನ ಲೋಟಗಳು ಒಂದಕ್ಕೊಂದು ಹಲ್ಲು ಕಡಿಯುತ್ತವೆ,
ಸಪ್ಲೈ ಹುಡುಗರು ಸಾಂಬಾರಿನ ಬಕೀಟು ಬಿಟ್ಟು ಬೀದಿಗೆ.
ಕಾವಲಿ ಮಾತ್ರ ಮಿಸುಕುವುದಿಲ್ಲ;
ಅಂಗಾತ ಮಲಗಿದೆ, ಮುಖ ಮೇಲಕ್ಕೇ.

ನೀರು ಚಿಮುಕಿಸುತ್ತೇನೆ. ಚುಂಯ್.
ಮೋಟು ಪೊರಕೆಯಲ್ಲಿ ಗುಡಿಸುತ್ತೇನೆ,
ಗುಳಿಯ ಹತ್ತಿರ ಎರಡು ಸಲ.
ಮೊದಲ ದೋಸೆ ಏನು ಮಾಡಿದರೂ ಅಲ್ಲಿ ಹಿಡಿಯುತ್ತದೆ,
ಏಳಿಸಿದರೆ ಹರಿಯುತ್ತದೆ.
ಅದನ್ನು ಮಾರುವುದಿಲ್ಲ. ಹಿಂದಿನ ಶೀಟಿನ ಮೇಲೆ ಇಡುತ್ತೇನೆ.
ಹದ್ದು ದೋಸೆ ಮುಟ್ಟುವುದಿಲ್ಲ,
ಅದಕ್ಕೆ ರಸೆಲ್ ಮಾರ್ಕೆಟ್ಟಿನ ಹಿಂಬದಿ ಇದೆ.
ಸುಮ್ಮನೆ ಮೇಲೆ ಒಂದು ಸುತ್ತು ಹೊಡೆದು ಹೋಗುತ್ತದೆ.
ಕಾಗೆ ಬರುತ್ತದೆ.

ಎರಡನೆಯದರಿಂದ ಲೆಕ್ಕ.